ಬೀರುವಿನ ಬೀಗ, ಟಿವಿ ಮುಂದಿನ ತಟ್ಟೆ

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದು ಹನ್ನೆರಡು ವರ್ಷವಾಯಿತು. ಒಂಬತ್ತು ವರ್ಷದ ಮಗ ಐದೂವರೆಗೆ ಶಾಲೆಯಿಂದ ಬಂದವನೇ ವೇಫರ್ (ಚಿಪ್ಸ್) ಬೇಕೆಂದು ಹಟ ಹಿಡಿಯುತ್ತಾನೆ. ಯಜಮಾನರು ಲೋಕಲ್ ರೈಲು ಹಿಡಿದು ಬರುವಾಗ ಒಂಬತ್ತಾಗುತ್ತದೆ. ಅವರು ಟಿವಿ ಮುಂದೆ ಒಂದು ತಟ್ಟೆ ಫರ್ಸಾಣ್ (ಕರಿದ ಕುರುಕಲು ತಿಂಡಿ) ಮುಗಿಸಿದ ಮೇಲೆ ಎಲ್ಲರ ಊಟ. ಮಗ ಎರಡು ತುತ್ತಿಗೇ ಎದ್ದುಬಿಡುತ್ತಾನೆ. ತಿಂಡಿ ಡಬ್ಬಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಾನು ಕಚೇರಿಯಿಂದ ಬರುವಷ್ಟರಲ್ಲಿ ಅತ್ತೆಯವರು ಕೆಳಗಿನ ಅಂಗಡಿಯಿಂದ ತರಿಸಿಕೊಟ್ಟಿರುತ್ತಾರೆ. ಕಳೆದ ವಾರ ಅವನ ಹಾಸಿಗೆಯ ಕೆಳಗೆ ಏಳು ಖಾಲಿ ಪೊಟ್ಟಣ ಸಿಕ್ಕವು. ಅಪ್ಪನ ಜೇಬಿನಿಂದ ಹಣ ತೆಗೆದಿದ್ದನಂತೆ. ಮಗ ಕಳ್ಳನಾಗುತ್ತಿದ್ದಾನೆಯೇ? ಅತ್ತೆಯವರಿಗೆ ಹೇಗೆ ಹೇಳಲಿ?

ಉತ್ತರ: ತಂಗಿ, ಕಳ್ಳ ಎಂಬ ಮಾತನ್ನು ಮೊದಲು ಬಿಡಿ. ಬೀಗ ಬಿದ್ದ ಮೇಲೆ ತಾನೇ ಪೊಟ್ಟಣಗಳು ಹಾಸಿಗೆಯ ಕೆಳಗೆ ಸೇರಿದ್ದು? ಅಮೆರಿಕದ ಸಂಶೋಧಕಿಯರಾದ ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪುಟ್ಟ ಮಕ್ಕಳ ಕಣ್ಣೆದುರಿಗೇ ತಿಂಡಿಯಿಟ್ಟು ಕೈಗೆ ಸಿಗದಂತೆ ಮಾಡಿದಾಗ, ಮಕ್ಕಳ ಮಾತು, ಬೇಡಿಕೆ ಎಲ್ಲವೂ ಆ ತಿಂಡಿಯ ಸುತ್ತಲೇ ತಿರುಗಿದವು. ನಿಮ್ಮ ಬೀರು ಮಾಡುತ್ತಿರುವುದೂ ಅದನ್ನೇ. ‘ಪಲ್ಯ ಮುಗಿಸಿದರೆ ವೇಫರ್ ಕೊಡುತ್ತೇನೆ’ ಎಂದೂ ಹೇಳುತ್ತಿರಬಹುದು, ನಾವೆಲ್ಲ ಹೇಳಿದವರೇ. ಪಲ್ಯ ಶಿಕ್ಷೆ, ವೇಫರ್ ಬಹುಮಾನ ಎಂದು ಮಗುವಿಗೆ ನಾವೇ ಕಲಿಸಿಕೊಟ್ಟಂತಾಯಿತು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೀಗವಲ್ಲ, ಗಡಿಯಾರ. ಐದೂವರೆಗೆ ಬಂದ ಹುಡುಗನಿಗೆ ಊಟ ಒಂಬತ್ತೂವರೆಗೆ! ನಡುವೆ ನಾಲ್ಕು ತಾಸು. ಅದು ಚಪಲವಲ್ಲ, ಹಸಿವು. ಮುಂಬಯಿಯ ಎಷ್ಟೋ ಮನೆಗಳಲ್ಲಿ ಊಟದ ಹೊತ್ತನ್ನು ನಿರ್ಧರಿಸುವುದು ಲೋಕಲ್ ಗಾಡಿ. ಅದಕ್ಕೆ ಮಗುವಿನ ಹೊಟ್ಟೆ ಏಕೆ ಕಾಯಬೇಕು? ಬಂದ ಕೂಡಲೇ ತಿನ್ನುವಂಥದ್ದನ್ನೇ ತಟ್ಟೆಗೆ ಹಾಕಿ ಕೂರಿಸಿ ಕೊಡಿ. ಏಳೂವರೆಗೆ ಅವನ ಊಟ ಮುಗಿಯಲಿ. ಅಪ್ಪ ಬಂದಾಗ ಬೇಕಿದ್ದರೆ ಪಕ್ಕದಲ್ಲಿ ಕುಳಿತು ಎರಡು ತುತ್ತು ಮೊಸರನ್ನ ತಿನ್ನಲಿ.

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳುವ ಹಂಚಿಕೆ ನನಗೆ ಹಿಡಿಸುತ್ತದೆ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು. ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಪಾಲು. ನಾವು ನಮ್ಮ ಪಾಲನ್ನು ಬಿಟ್ಟು ಅವನ ಪಾಲಿಗೆ ಕೈ ಹಾಕುತ್ತೇವೆ. ಮನೆಯಲ್ಲಿ ದೊಡ್ಡ ಪೊಟ್ಟಣ ತಂದಿಟ್ಟು ‘ತಿನ್ನಬೇಡ’ ಎನ್ನುವುದಕ್ಕಿಂತ ತರದೇ ಇರುವುದು ಸುಲಭ. ಭಾನುವಾರ ಒಂದು ಚಿಕ್ಕ ಪೊಟ್ಟಣ ತಂದು ಎಲ್ಲರೂ ಹಂಚಿಕೊಂಡು ತಿನ್ನಿ, ಮುಚ್ಚುಮರೆ ಬೇಡ. ಹೊಸ ಪದಾರ್ಥ ಮೊದಲ ದಿನವೇ ಒಗ್ಗಲಿಲ್ಲವೆಂದು ಕೈಬಿಡಬೇಡಿ. ಒಂದೇ ಕಾಯಿಪಲ್ಯ ಎಂಟು ಹತ್ತು ಸಲ ತಟ್ಟೆಗೆ ಬಂದ ಮೇಲೆ ನಾಲಿಗೆಗೆ ರುಚಿಸುವುದುಂಟು.

ಇನ್ನು ಅತ್ತೆಯವರು. ಅವರಿಗೆ ‘ಕೊಡಬೇಡಿ’ ಎಂದರೆ ಮೊಮ್ಮಗನಿಗೆ ಕೊಡುವ ಸಂತೋಷವನ್ನೇ ಕಸಿದಂತೆ. ಬದಲಿಗೆ ಐದೂವರೆಯ ತಟ್ಟೆಯನ್ನೇ ಅವರಿಗೆ ಒಪ್ಪಿಸಿ. ಧಾರವಾಡದ ಕೈಗೆ ಸುಸಲಾ ಮಾಡುವುದನ್ನು ಹೇಳಿಕೊಡಬೇಕೇ? ಚುರುಮುರಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಪುಟಾಣಿ ಹಿಟ್ಟು ಉದುರಿಸಿ, ಶೇಂಗಾ ಒಗ್ಗರಣೆ ಕೊಡುವುದು ಹತ್ತು ನಿಮಿಷದ ಕೆಲಸ. ಮೊಮ್ಮಗ ಪುಟಾಣಿ ಹಿಟ್ಟಿನ ಡಬ್ಬಿ ತಂದುಕೊಡಲಿ, ಚುರುಮುರಿ ಹಿಂಡಲಿ. ಅಂಗಡಿಗೆ ಕಳಿಸುವ ಅಜ್ಜಿಗಿಂತ ಒಗ್ಗರಣೆ ಹಾಕುವ ಅಜ್ಜಿ ಅವನಿಗೆ ದೊಡ್ಡವಳಾಗುತ್ತಾಳೆ.

ಉಳಿದವರು ಯಜಮಾನರು. ನಿಮ್ಮ ಪತ್ರದಲ್ಲಿ ಅವರ ಫರ್ಸಾಣ್ ದೂರಿನ ಪಟ್ಟಿಯಲ್ಲೇ ಇಲ್ಲ, ಗಮನಿಸಿದಿರಾ? ಮಗ ದಿನವೂ ನೋಡುತ್ತಿರುವುದು ಆ ತಟ್ಟೆಯನ್ನೇ. ದಣಿದು ಬಂದರೆ ಟಿವಿ ಹಚ್ಚಿ ಕುರುಕುವುದು ಎಂಬ ಪಾಠ ಅವನಿಗೆ ಬಾಯಿಪಾಠವಾಗಿದೆ. ಟಿವಿ ನೋಡುತ್ತ ತಿಂದರೆ ಎಷ್ಟು ತಿಂದೆವೆಂಬುದು ದೊಡ್ಡವರಿಗೇ ತಿಳಿಯುವುದಿಲ್ಲ. ಅವರನ್ನು ಗದರಬೇಡಿ, ಪಾಪ, ಒಂಬತ್ತು ಗಂಟೆಯ ಹಸಿವು ಅವರದೂ ಹಸಿವೇ. ಬಂದ ಕೂಡಲೇ ಊಟವನ್ನೇ ಬಡಿಸಿಬಿಡಿ, ಟಿವಿ ಆಮೇಲೆ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂದು 2020ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ತಂದಿದೆ. ಟಿವಿ ಮುಂದಿನ ಟೀಪಾಯಿಯವರೆಗೆ ಅದರ ಕೈ ಚಾಚುವುದಿಲ್ಲ.

ಜೇಬಿನ ಹಣದ ವಿಷಯವನ್ನು ಅವನೊಬ್ಬನೇ ಇದ್ದಾಗ ಒಂದೇ ಸಲ ಕೇಳಿ: ‘ಹಸಿವಾಗಿತ್ತಾ?’ ಅಪ್ಪನ ಮುಂದೆ ಪಂಚಾಯಿತಿ ಬೇಡ. ‘ದಪ್ಪಗಾಗುತ್ತಿದ್ದೀಯ’ ಎಂಬ ಮಾತಂತೂ ಬೇಡವೇ ಬೇಡ. ತೂಕದ ಚಿಂತೆಯಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಬೀಗವನ್ನು ಇವತ್ತೇ ತೆಗೆಯಬಹುದು. ಆದರೆ ಒಳಗಿರುವ ಡಬ್ಬಿಗಳು ಖಾಲಿಯಾದ ಮೇಲೆ ತೆಗೆದರೆ ನಿಮಗೂ ನೆಮ್ಮದಿ.