ಸಾಗರದಾಚೆಗೂ ಚೆಸ್ ಆಡಿಸಿದ ಜಾರ್ಜ್ ನ್ಯೂನ್ಸ್

ಪ್ರಶ್ನೆ: ಚೆಸ್ ಇತಿಹಾಸ ಓದುವಾಗ ‘ನ್ಯೂನ್ಸ್ ಟ್ರೋಫಿ’ ಎಂಬ ಹೆಸರು ಸಿಕ್ಕಿತು. ಈ ನ್ಯೂನ್ಸ್ ವಿಕ್ಟೋರಿಯಾ ರಾಣಿಯ ಕಾಲದ ಉದ್ಯಮಿ, ಲಂಡನ್ನಿನ ಒಂದು ಚೆಸ್ ಕ್ಲಬ್ಬಿಗೆ ಅಧ್ಯಕ್ಷ ಎಂದಷ್ಟೇ ಇತ್ತು. ಅದು ದುಡ್ಡಿದ್ದವರಿಗೆ ಸುಮ್ನೆ ಕೊಡುವ ಕುರ್ಚಿಯಾ? ಅಥವಾ ಅವರು ನಿಜವಾಗಿ ಏನಾದರೂ ಮಾಡಿದರಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಮಾಡಿದರು. ಚೆಸ್ ಇತಿಹಾಸ ಅವರನ್ನು ಇನ್ನೂ ಜಾಸ್ತಿ ನೆನೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಜಾರ್ಜ್ ನ್ಯೂನ್ಸ್ ಹುಟ್ಟಿದ್ದು 1851ರಲ್ಲಿ, ಇಂಗ್ಲೆಂಡಿನ ಡರ್ಬಿಶೈರ್‌ನ ಮ್ಯಾಟ್ಲಾಕ್ ಬಾತ್‌ನಲ್ಲಿ. ತಂದೆ ಚರ್ಚಿನ ಪಾದ್ರಿ. ಮ್ಯಾಂಚೆಸ್ಟರ್‌ನಲ್ಲಿದ್ದಾಗ ಇವರಿಗೆ ಒಂದು ವಾರಪತ್ರಿಕೆ ತರುವ ಆಸೆ ಹುಟ್ಟಿತು. ಕೈಯಲ್ಲಿ ಬಂಡವಾಳ ಇರಲಿಲ್ಲ. ಅದಕ್ಕಾಗಿ ಅಲ್ಲೇ ಒಂದು ಸಸ್ಯಾಹಾರಿ ಹೋಟೆಲ್ ತೆರೆದರು! 1881ರಲ್ಲಿ ‘ಟಿಟ್-ಬಿಟ್ಸ್’ ಶುರುವಾಯಿತು. ರೈಲು ಅಪಘಾತದಲ್ಲಿ ಸತ್ತವರ ಬಳಿ ಆ ಪತ್ರಿಕೆ ಇದ್ದರೆ ಮನೆಯವರಿಗೆ 100 ಪೌಂಡ್ ವಿಮೆ ಸಿಗುತ್ತಿತ್ತು. ಅಂಥ ಚುರುಕು ತಲೆ ಅವರದು. 1891ರಲ್ಲಿ ‘ದ ಸ್ಟ್ರ್ಯಾಂಡ್ ಮ್ಯಾಗಜೀನ್’ ತಂದರು. ಷರ್ಲಾಕ್ ಹೋಮ್ಸ್‌ನ ಸಣ್ಣ ಕಥೆಗಳು ಬಂದದ್ದು ಅದರಲ್ಲೇ.

ಹೀಗೆ ಬಂದ ಹಣವನ್ನು ಅವರು ಸುರಿದದ್ದು ಬೇರೆಯವರು ಕೈಹಾಕದ ಕೆಲಸಗಳಿಗೆ. ಇಂಗ್ಲೆಂಡಿನ ಡೆವನ್‌ನಲ್ಲಿ ಸಮುದ್ರದಂಚಿಗೆ ಲಿನ್ಮತ್ ಎಂಬ ಊರು, ಕಡಿದಾದ ಬಂಡೆಯ ಮೇಲೆ ಲಿಂಟನ್ ಎಂಬ ಊರು. ಎರಡರ ನಡುವೆ 1890ರಲ್ಲಿ ಎಂಜಿನ್ನೇ ಇಲ್ಲದ ರೈಲು ಓಡಿತು. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ ಎರಡು ಗಾಡಿ. ಮೇಲಿನ ಗಾಡಿಯ ತೊಟ್ಟಿಗೆ ನದಿಯ ನೀರು ತುಂಬುತ್ತಾರೆ. ಅದು ಭಾರಕ್ಕೆ ಇಳಿಯುತ್ತದೆ, ಇನ್ನೊಂದು ಮೇಲೇರುತ್ತದೆ. ಕೆಳಗೆ ಬಂದ ಮೇಲೆ ನೀರು ಚೆಲ್ಲಿದರೆ ಆಯಿತು. ಇದರ ವಿನ್ಯಾಸ ಎಂಜಿನಿಯರ್ ಜಾರ್ಜ್ ಕ್ರಾಯ್ಡನ್ ಮಾರ್ಕ್ಸ್ ಅವರದು, ಹಣದ ಬೆಂಬಲ ನ್ಯೂನ್ಸ್ ಅವರದು. ಅಂಟಾರ್ಕ್ಟಿಕಕ್ಕೆ 1898ರಲ್ಲಿ ಹೊರಟ ‘ಸದರ್ನ್ ಕ್ರಾಸ್’ ಯಾತ್ರೆಗೂ ಹಣ ಕೊಟ್ಟವರು ಇವರೇ.

ಈಗ ಚೆಸ್‌ಗೆ ಬರೋಣ. ನ್ಯೂನ್ಸ್ ದೊಡ್ಡ ಆಟಗಾರರೇನಲ್ಲ, ಆದರೆ ಆಟದ ಮೇಲೆ ಪ್ರೀತಿ ಇತ್ತು. ಲಂಡನ್ನಿನ ಬ್ರಿಟಿಷ್ ಚೆಸ್ ಕ್ಲಬ್ಬಿನ ಅಧ್ಯಕ್ಷರಾಗಿ ಅವರು ಅಮೆರಿಕ-ಬ್ರಿಟನ್ ಪಂದ್ಯಕ್ಕೆ ಟ್ರೋಫಿ ಇಟ್ಟರು. ಆಗ ಅಟ್ಲಾಂಟಿಕ್ ದಾಟಲು ಹಡಗಿನಲ್ಲಿ ವಾರ ಬೇಕು. ಒಂದು ಪಂದ್ಯಕ್ಕಾಗಿ ಇಡೀ ತಂಡ ಹೋಗಿಬರುವುದು ಯಾರ ಕೈಲಾಗುತ್ತದೆ? ಅದಕ್ಕೇ ಆಟಗಾರರು ತಮ್ಮ ತಮ್ಮ ದೇಶದಲ್ಲೇ ಕೂತರು. ಸಮುದ್ರದಡಿಯ ಟೆಲಿಗ್ರಾಫ್ ತಂತಿಯಲ್ಲಿ ಒಂದೊಂದೇ ನಡೆ ಹೋಗಿಬಂತು.

1896ರ ಮಾರ್ಚ್‌ನಲ್ಲಿ ಎಂಟು ಬೋರ್ಡುಗಳ, ಅಂದರೆ ತಂಡಕ್ಕೆ ಎಂಟು ಆಟಗಾರರ, ಮೊದಲ ಪಂದ್ಯ ನಡೆಯಿತು. ಮೊದಲ ಬೋರ್ಡಿನಲ್ಲಿ ಬ್ರಿಟನ್ನಿನ 54 ವರ್ಷದ ಬ್ಲ್ಯಾಕ್‌ಬರ್ನ್, ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ಹೇಸ್ಟಿಂಗ್ಸ್ ಚೆಸ್ ಟೂರ್ನಿ ಗೆದ್ದಿದ್ದ ಅಮೆರಿಕದ 23ರ ತರುಣ ಪಿಲ್ಸ್‌ಬರಿಯನ್ನು ಸೋಲಿಸಿದರು. ಆದರೂ ಪಂದ್ಯ ಅಮೆರಿಕದ್ದಾಯಿತು, ನಾಲ್ಕೂವರೆ-ಮೂರೂವರೆ ಅಂಕಗಳಿಂದ. ಮರುವರ್ಷ ಬ್ರಿಟನ್ನಿನ ಕಾಮನ್ಸ್ ಸಭೆಯ ಸದಸ್ಯರೂ ಅಮೆರಿಕದ ಜನಪ್ರತಿನಿಧಿಗಳೂ ತಂತಿಯ ಮೇಲೆ ಆಡಿದರು! ಅದು ಸಮನಾಯಿತು. ಇವತ್ತು ಮೊಬೈಲ್‌ನಲ್ಲಿ ಬೇರೆ ದೇಶದವರ ಜೊತೆ ಆಡುತ್ತೇವೆ ಅಲ್ವಾ, ಅದರ ಬೇರು ಇಲ್ಲೂ ಇದೆ.

1910ರ ಜೂನ್‌ನಲ್ಲಿ ಲಿಂಟನ್ನಿನಲ್ಲಿ ತೀರಿಕೊಂಡಾಗ ನ್ಯೂನ್ಸ್ ಸಾಲದಲ್ಲಿದ್ದರು. ಅವರ ಟ್ರೋಫಿಗಾಗಿ ಪಂದ್ಯಗಳು 1911ರವರೆಗೂ ನಡೆದವು. ಆಟಗಳನ್ನೇ ನೋಡುವ ಆಸೆ ಇದ್ದರೆ 1896ರ ಆ ಪಿಲ್ಸ್‌ಬರಿ-ಬ್ಲ್ಯಾಕ್‌ಬರ್ನ್ ಆಟದಿಂದ ಶುರು ಮಾಡಿ.