4-5ನೇ ತರಗತಿ ಮಕ್ಕಳಿಗೆ ಕಥೆ ಪುಸ್ತಕ ತರಲಾ, ವಿಜ್ಞಾನದ್ದು ತರಲಾ?

ಮೇಡಂ, ಜಗಳೂರು ತಾಲ್ಲೂಕಿನ ನಿಮ್ಮ ಶಾಲೆಗೆ ಹಳೆ ವಿದ್ಯಾರ್ಥಿಗಳು ಪುಸ್ತಕಕ್ಕೆ ಅಂತ 5,000 ರೂಪಾಯಿ ಕೊಟ್ಟಿದ್ದಾರೆ, ಮಕ್ಕಳು ನಿಜವಾಗಿ ಓದೋ ಪುಸ್ತಕ ಹೇಗೆ ಆರಿಸಲಿ, ಕಥೆಯೋ ವಿಜ್ಞಾನವೋ ಅಂತ ಕೇಳಿದ್ದೀರಿ. ಎರಡೂ ತನ್ನಿ. ಆದರೆ ಪೂರ್ತಿ ದುಡ್ಡು ಒಂದೇ ಸಲ ಖರ್ಚು ಮಾಡಬೇಡಿ. ಮೊದಲು ಎರಡು ಸಾವಿರದ್ದು ತನ್ನಿ. ಯಾವ ಪುಸ್ತಕಕ್ಕೆ ಮಕ್ಕಳು ಕಿತ್ತಾಡುತ್ತಾರೆ ನೋಡಿಕೊಂಡು ಉಳಿದದ್ದಕ್ಕೆ ಹೋಗಿ. ನಾನು ಚಿತ್ರದುರ್ಗದ ಕಡೆ ಪ್ರಾಥಮಿಕ ಶಾಲೆ ಮೇಷ್ಟ್ರು. ನಮ್ಮಲ್ಲಿ ಹೀಗೇ ಮಾಡುತ್ತೇವೆ.

ಅಂಗಡಿಯವರು ಕಟ್ಟಿಟ್ಟಿರುವ 'ಶಾಲಾ ಗ್ರಂಥಾಲಯ ಸೆಟ್' ಮಾತ್ರ ಬೇಡ. ಅದರಲ್ಲಿ ಮಹನೀಯರ ಜೀವನಚರಿತ್ರೆಯೇ ಜಾಸ್ತಿ. ಹುಟ್ಟಿದ ಊರು, ತಂದೆ ತಾಯಿ, ಬಂದ ಪ್ರಶಸ್ತಿ, ಮುಗೀತು. ಹತ್ತು ವರ್ಷದ ಮಗು ಅದನ್ನು ಯಾಕೆ ಓದಬೇಕು ಹೇಳಿ?

ಅಂಗಡಿಯಲ್ಲಿ ನಿಂತು ಪುಸ್ತಕದ ನಡುವಿನ ಒಂದು ಪುಟ ತೆಗೆದು ಮೆಲ್ಲಗೆ ಬಾಯಿಬಿಟ್ಟು ಓದಿ. 'ಸೂರ್ಯನು ಪ್ರಜ್ವಲಿಸುತ್ತಿದ್ದನು' ಅಂತ ಇದ್ದರೆ ಕೆಳಗಿಡಿ. 'ಬಿಸಿಲು ಸುಡುತ್ತಿತ್ತು' ಅಂತ ಬರೆದವರ ಪುಸ್ತಕ ಹುಡುಕಿ. ನಾಲ್ಕನೇ ತರಗತಿಗೆ ಬಂದರೂ ಎಷ್ಟೋ ಮಕ್ಕಳು ಒತ್ತಕ್ಷರದ ಹತ್ತಿರ ಎಡವುತ್ತಾರೆ. ಸಾಲಿಗೆ ನಾಲ್ಕು ಒತ್ತು ಬಂದರೆ ಕಥೆ ತಪ್ಪಿಹೋಗುತ್ತದೆ, ಬರೀ ಅಕ್ಷರ ಕೂಡಿಸೋ ಕೆಲಸ ಆಗುತ್ತದೆ. ಮಕ್ಕಳಿಗೂ ಒಂದು ಉಪಾಯ ಹೇಳಿಕೊಡಿ: ಒಂದು ಪುಟ ಓದುತ್ತಾ ಗೊತ್ತಿಲ್ಲದ ಪದಕ್ಕೆ ಒಂದೊಂದು ಬೆರಳು ಮಡಚಬೇಕು. ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಲಂಬಾಣಿ, ತೆಲುಗು, ಉರ್ದು ಮನೆಮಾತಿನ ಮಕ್ಕಳಿದ್ದರೆ ಚಿತ್ರ ಜಾಸ್ತಿ ಇರುವುದನ್ನೇ ಆರಿಸಿ.

ಕಥೆ ಪುಸ್ತಕ ಆದರೆ ನಾನು ಮೊದಲು ಕೊನೆ ಪುಟ ನೋಡುತ್ತೇನೆ. 'ಆದ್ದರಿಂದ ಮಕ್ಕಳೇ' ಅಂತ ಇದ್ದರೆ ತಗೊಳ್ಳೋದೇ ಇಲ್ಲ. ಬುದ್ಧಿಮಾತು ಹೇಳೋಕೆ ನಾವಿದ್ದೀವಲ್ಲ! ನಗು ಬರಬೇಕು, ಇಲ್ಲಾ ಸ್ವಲ್ಪ ಹೆದರಿಕೆ ಆಗಬೇಕು, ಇಲ್ಲಾ ಮುಂದೇನು ಅಂತ ಅನ್ನಿಸಬೇಕು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಒಂದು ಪ್ರತಿ ಇರಲೇಬೇಕು. ಅದು ಬ್ರೌನಿಂಗ್ ಅವರ ಇಂಗ್ಲಿಷ್ ಕಥನ ಕವನದಿಂದ ಬಂದದ್ದು, ಆದರೆ ಓದುವಾಗ ನಮ್ಮೂರ ಇಲಿಗಳೇ ಓಡಿದ ಹಾಗಿರುತ್ತದೆ. ಅದನ್ನು ಮಕ್ಕಳ ಕೈಗೆ ಕೊಡೋ ಮೊದಲು ನೀವೇ ಗಟ್ಟಿಯಾಗಿ ಓದಿ, ಅರ್ಧಕ್ಕೆ ನಿಲ್ಲಿಸಿ, ಟೇಬಲ್ ಮೇಲೆ ಬಿಟ್ಟುಹೋಗಿ.

ಇನ್ನು ವಿಜ್ಞಾನದ ಪುಸ್ತಕ. ಇಲ್ಲಿ ಹುಷಾರಾಗಿರಬೇಕು, ಹಳೇ ಸರಕು ತುಂಬಾ ಇದೆ. ಎರಡು ಪುಟ ನೋಡಿದರೆ ಸಾಕು. ಗ್ರಹಗಳು ಒಂಬತ್ತು ಅಂತ ಇದೆಯಾ? 2006ರಲ್ಲೇ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದರು, ಆ ಪುಸ್ತಕ ಅಲ್ಲೇ ಇರಲಿ. ಹಾವು ಹಾಲು ಕುಡಿಯುತ್ತೆ, ಸೇಡು ತೀರಿಸಿಕೊಳ್ಳುತ್ತೆ ಅಂತ ಇದೆಯಾ? ಅದೂ ಅಲ್ಲೇ ಇರಲಿ.

ಹಾವಿನ ಪುಸ್ತಕ ಅಂದಾಗ ನಮ್ಮ ಐದನೇ ತರಗತಿ ಹುಡುಗನೊಬ್ಬ ನೆನಪಾಗುತ್ತಾನೆ. ಕಥೆ ಪುಸ್ತಕ ಕೊಟ್ಟರೆ ಚಿತ್ರ ನೋಡಿ ವಾಪಸ್ ಇಡುತ್ತಿದ್ದ, ಓದೋಕೇ ಬರಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಹಾವಿನ ಪುಸ್ತಕ ಬಂದ ಮೇಲೆ ಜಗುಲಿ ಮೇಲೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದಿದ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಎಲ್ಲ ಬಾಯಿಪಾಠ. ಆಮೇಲೆ ನನ್ನ ಹತ್ತಿರ ಬಂದು, "ಸಾರ್, ಕೆರೆಹಾವಿಗೆ ವಿಷ ಇಲ್ಲ ಅಂತ ಇದ್ರಾಗೆ ಬರ್ದೈತೆ. ನಮ್ಮಜ್ಜ ಐತೆ ಅಂತಾನೆ. ಪುಸ್ತಕ ಮನೆಗೆ ಒಯ್ಲಾ?" ಅಂದ. ಅಜ್ಜನ ಜೊತೆ ವಾದ ಮಾಡೋಕೆ ಪುಸ್ತಕ ಬೇಕಾಗಿತ್ತು ಅವನಿಗೆ! ಶೇಂಗಾ ಹೊಲದಲ್ಲಿ ಓಡಾಡೋ ಮಕ್ಕಳಿಗೆ ಪೆಂಗ್ವಿನ್‌ಗಿಂತ ಹಾವು ಹತ್ತಿರ, ಅಲ್ವಾ?

ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಇದೆ. ಕೊಂಡುಕುರಿ ಅಂದರೆ ಕುರಿ ಅಲ್ಲ, ಜಿಂಕೆ ಥರದ ಕಾಡುಪ್ರಾಣಿ. ಗಂಡಿಗೆ ನಾಲ್ಕು ಕೊಂಬು, ಹೆಣ್ಣಿಗೆ ಒಂದೂ ಇಲ್ಲ. ಪ್ರಾಣಿಗಳ ಪುಸ್ತಕ ತಂದ ದಿನ ಇದನ್ನು ಹೇಳಿ, ಆಮೇಲೆ ಯಾವ ಪುಟ ಮೊದಲು ತೆಗೆಯುತ್ತಾರೆ ನೋಡಿ. ಬಾಹ್ಯಾಕಾಶದ ಪುಸ್ತಕಕ್ಕೂ ಇಂಥದ್ದೇ ದಾರಿ ಇದೆ. ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಮೇಲಿರುವಂಥ ಗುಂಡಿಗಳನ್ನು ತೋಡಿಸಿ ಲ್ಯಾಂಡರ್‌ನ (ಚಂದ್ರನ ಮೇಲೆ ಇಳಿಯೋ ನೌಕೆ) ಸೆನ್ಸರ್‌ಗಳನ್ನು ಪರೀಕ್ಷೆ ಮಾಡಿದ್ದರು.

ಎಲ್ಲಿ ಸಿಗುತ್ತೆ ಅಂದರೆ: ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆ, ಪ್ರಥಮ್ ಬುಕ್ಸ್, ನವಕರ್ನಾಟಕದ ವಿಜ್ಞಾನ ಪುಸ್ತಕಗಳು, ಇವುಗಳಿಂದ ಶುರು ಮಾಡಿ. ಪ್ರಥಮ್‌ನವರ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡ ಕಥೆಗಳನ್ನು ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು, ಅನುಮತಿ ಕೇಳಬೇಕಿಲ್ಲ. ಓದೋ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿಟ್ಟಿದ್ದಾರೆ. ತರಗತಿ ನಂಬರ್ ನೋಡದೆ ಮಗು ನೋಡಿ ಹಂತ ಆರಿಸಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ (ಊರಿನ ಗ್ರಂಥಾಲಯ) ಮಕ್ಕಳಿಗೆ ಸದಸ್ಯತ್ವ ಉಚಿತ, ಒಮ್ಮೆ ಕರ್ಕೊಂಡು ಹೋಗಿ.

ತಂದ ಪುಸ್ತಕಕ್ಕೆ ಕಂದು ಬಣ್ಣದ ಬೈಂಡ್ ಹಾಕಬೇಡಿ. ಮಕ್ಕಳು ಆರಿಸೋದೇ ಮುಖಪುಟ ನೋಡಿ. ಬೀರುವಿನಲ್ಲಿ ಬೀಗ ಹಾಕಿಡೋ ಬದಲು ಗೋಡೆಗೆ ದಾರ ಕಟ್ಟಿ ನೇತುಹಾಕಿ. ಒಂದಷ್ಟು ಹರಿಯುತ್ತವೆ, ಹರೀಲಿ ಬಿಡಿ. ಹರಿದದ್ದು ಯಾವುದು ಅಂತ ಬರೆದಿಟ್ಟುಕೊಂಡರೆ ಉಳಿದ ಮೂರು ಸಾವಿರದಲ್ಲಿ ಅದರದ್ದೇ ಇನ್ನೊಂದು ಪ್ರತಿ ತರಬಹುದು. ಬಿಲ್ ಮಾತ್ರ ಜೋಪಾನವಾಗಿ ಇಡಿ ಮೇಡಂ, ದುಡ್ಡು ಕೊಟ್ಟವರು ಇವತ್ತಲ್ಲ ನಾಳೆ ಕೇಳೇ ಕೇಳ್ತಾರೆ.