ಮೂವತ್ತೆಂಟರ ವಯಸ್ಸಿನಲ್ಲಿ ತಟ್ಟಡವು

ಪ್ರಶ್ನೆ: ಮಗಳನ್ನು ಭರತನಾಟ್ಯದ ತರಗತಿಗೆ ಬಿಡಲು ಹೋಗುತ್ತಿದ್ದ ನಾನು, 38ರ ವಯಸ್ಸಿನಲ್ಲಿ ಅಲ್ಲಿಯೇ ಸೇರಿಕೊಂಡು, ಮೊದಲ ಹೆಜ್ಜೆಯಾದ ತಟ್ಟಡವು ಕಲಿಯುತ್ತಿದ್ದೇನೆ. ಅರೆಮಂಡಿಯಲ್ಲಿ, ಅಂದರೆ ಮೊಣಕಾಲುಗಳನ್ನು ಹೊರಕ್ಕೆ ಮಡಚಿ ಅರ್ಧ ಕುಳಿತ ನಿಲುವಿನಲ್ಲಿ, ಮೊಣಕಾಲು ನೋಯುತ್ತದೆ. ಹಿಂದೂಸ್ತಾನಿ ಕೇಳಿ ಬೆಳೆದ ಕಿವಿಗೆ ತಾಳ ನಿಲುಕುವುದಿಲ್ಲ. ಅತ್ತೆಯವರು ‘ಈ ವಯಸ್ಸಿನ್ಯಾಗ ಗೆಜ್ಜಿ ಯಾಕವಾ?’ ಎನ್ನುತ್ತಾರೆ. ಮುಂದುವರಿಸಲೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಅವಶ್ಯವಾಗಿ ಮುಂದುವರಿಸಿರಿ, ಆದರೆ ಮೊದಲು ಮೊಣಕಾಲನ್ನು ವೈದ್ಯರಿಗೆ ತೋರಿಸಿರಿ. ಅರೆಮಂಡಿಯ ತಿರುವು ಸೊಂಟದ ಕೀಲಿನಿಂದ ಬರಬೇಕು; ಎದುರಿನ ಎಂಟು ವರ್ಷದ ಹುಡುಗಿಯನ್ನು ನೋಡಿ ಪಾದಗಳನ್ನಷ್ಟೇ ಹೊರಕ್ಕೆ ತಿರುಗಿಸಿದರೆ, ಫರಸಿಯ ಮೇಲೆ ತಟ್ಟಿದ ಪ್ರತಿಯೊಂದು ಪೆಟ್ಟೂ ಮೊಣಕಾಲಿಗೇ ತಾಗುತ್ತದೆ. ಸದ್ಯಕ್ಕೆ ಕಡಿಮೆ ಕುಳಿತರೂ ಸರಿ, ಬೆನ್ನು ನೇರವಾಗಿರಲಿ.

ಹಿಂದೂಸ್ತಾನಿಯ ತೀನ್‌ತಾಲದ 16 ಮಾತ್ರೆಗಳನ್ನು ಬಲ್ಲ ಕಿವಿಗೆ ಭರತನಾಟ್ಯದ ಆದಿತಾಳದ 8 ಅಕ್ಷರಗಳು (ಎಣಿಕೆಗಳು) ದೂರದವಲ್ಲ. ಒಂದು ತಟ್ಟು, ನಂತರ ಕಿರುಬೆರಳು, ಉಂಗುರಬೆರಳು, ಮಧ್ಯದ ಬೆರಳು, ಆಮೇಲೆ ತಟ್ಟು-ಬೀಸು, ತಟ್ಟು-ಬೀಸು: ರೊಟ್ಟಿ ಬೇಯುವಷ್ಟು ಹೊತ್ತು ಕಟ್ಟೆಯ ಮೇಲೆಯೇ ತಟ್ಟಡವಿನ ‘ತೈಯಾ ತೈ’ ಹೇಳುತ್ತ ಎಣಿಸಿರಿ.

ಅತ್ತೆಯವರ ಮಾತಿಗೆ ಸಿಟ್ಟಾಗಬೇಡಿರಿ. ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದಾಗ, 1934ರಲ್ಲಿಯೇ ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ಬಂದರೂ, ಗೆಜ್ಜೆಗೆ ಅಂಟಿದ ಅಳುಕು ಹಳಬರ ಮನಸ್ಸಿನಿಂದ ಅಷ್ಟು ಬೇಗ ಹೋಗಲಿಲ್ಲ. ಒಂದು ಸಂಜೆ ಅವರನ್ನೂ ತರಗತಿಗೆ ಕರೆದೊಯ್ಯಿರಿ. ಮೊಮ್ಮಗಳ ಪಕ್ಕದಲ್ಲಿ ಸೊಸೆ ತಪ್ಪು ಹೆಜ್ಜೆ ಹಾಕುವುದನ್ನು ನೋಡಿ ಅವರೇ ನಕ್ಕಾರು.